ಎಲೆಗೆಷ್ಟು ಎನ್ನುವ ಮೊದಲು ಎಷ್ಟು ಎಲೆ ಎನ್ನಿ

ಮದುವೆ ನಿಶ್ಚಯವಾಗಿ, ಛತ್ರ ಗೊತ್ತಾದ ಮೇಲೆ ಮನೆಯ ಹಿರಿಯರು ಹುಡುಕುವುದು ಅಡುಗೆಯವರನ್ನು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲೂ ಮೊದಲ ಪ್ರಶ್ನೆ ‘ಎಲೆಗೆ ಎಷ್ಟು?’ ಎಂಬುದೇ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ಊರಿನಲ್ಲಿ ಮದುವೆ ಮಾಡುವವರು ದೂರವಾಣಿಯಲ್ಲೇ ನಾಲ್ಕು ಕಡೆ ದರ ವಿಚಾರಿಸಿ, ಹತ್ತಿಪ್ಪತ್ತು ರೂಪಾಯಿ ಕಡಿಮೆ ಹೇಳಿದವರಿಗೆ ಮುಂಗಡ ಕೊಟ್ಟು ನಿಶ್ಚಿಂತರಾಗುವುದುಂಟು. ಆದರೆ ಕೊನೆಯಲ್ಲಿ ಕೈಯಿಂದ ಹೋಗುವ ಹಣವನ್ನು ನಿರ್ಧರಿಸುವುದು ಎಲೆಯ ದರಕ್ಕಿಂತ ಹೆಚ್ಚಾಗಿ ಎಲೆಗಳ ಸಂಖ್ಯೆ.

ಒಂದು ಲೆಕ್ಕ ನೋಡೋಣ. ಅನುಕೂಲಕ್ಕಾಗಿ ಎಲೆಯೊಂದಕ್ಕೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಮುಹೂರ್ತದ ಊಟಕ್ಕೆ 600 ಎಲೆ ಎಂದು ಒಪ್ಪಿಕೊಂಡಿರಿ. ಉಂಡವರು 480 ಮಂದಿ. ಆದರೂ ಒಪ್ಪಿದ ಕನಿಷ್ಠ ಸಂಖ್ಯೆಯಂತೆ 1,20,000 ರೂಪಾಯಿ ಕೊಡಲೇಬೇಕು. ಬಾರದ 120 ಜನರ ಬಾಬ್ತೇ 24,000 ರೂಪಾಯಿ! ದರದಲ್ಲಿ ಚೌಕಾಸಿ ಮಾಡಿ ಎಲೆಗೆ 20 ರೂಪಾಯಿ ಇಳಿಸಿದ್ದರೂ ಉಳಿಯುತ್ತಿದ್ದುದು 12,000 ಮಾತ್ರ. ಅದೇ 450 ಎಲೆಗೆ ಖಾತರಿ ಕೊಟ್ಟು, ಹೆಚ್ಚಾದರೆ ಅದೇ ದರದಲ್ಲಿ ಕೊಡುವುದೆಂದು ಮಾತಾಗಿದ್ದರೆ 96,000ಕ್ಕೆ ಮುಗಿಯುತ್ತಿತ್ತು.

ಇದು ಗೊತ್ತಿದ್ದೂ ಜನ ಹೆಚ್ಚಿಗೆ ಹೇಳುವುದೇಕೆ? ‘ಊಟ ಸಾಲಲಿಲ್ಲ’ ಎಂಬ ಮಾತಿನ ಭಯಕ್ಕೆ. ಕೊನೆಯ ಪಂಕ್ತಿಗೆ ಹೋಳಿಗೆ ಮುಗಿಯಿತೆಂದರೆ ಆ ಮಾತು ಬೀಗರ ಊರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬರುತ್ತೇವೆ, ಬರುವುದಿಲ್ಲ ಎಂದು ಮುಂಚಿತವಾಗಿ ತಿಳಿಸುವ ರೂಢಿಯೂ ನಮ್ಮಲ್ಲಿಲ್ಲ. ಒಂದು ಲಗ್ನಪತ್ರಿಕೆಗೆ ಒಬ್ಬರು ಬರಬಹುದು, ಮನೆಮಂದಿಯೆಲ್ಲ ಬರಬಹುದು. ಆಷಾಢ, ಧನುರ್ಮಾಸಗಳನ್ನು ಬಿಟ್ಟು ಉಳಿದ ಕೆಲವೇ ಮುಹೂರ್ತಗಳಲ್ಲಿ ಮದುವೆಗಳು ಒತ್ತೊತ್ತಾಗಿ ಬರುವುದರಿಂದ ಒಂದೇ ಬಂಧು ಅದೇ ದಿನ ಬೀರೂರಿನಲ್ಲೊಂದು, ತರೀಕೆರೆಯಲ್ಲೊಂದು ಮದುವೆಗೆ ಮುಖ ತೋರಿಸಬೇಕಾಗುತ್ತದೆ. ಆತ ಉಣ್ಣುವುದು ಎಲ್ಲಿ ಎಂಬುದು ಆತನಿಗೇ ತಿಳಿದಿರುವುದಿಲ್ಲ. ಅಡಿಕೆ ಕೊಯ್ಲಿನ ದಿನಗಳಾದರೆ ಹಳ್ಳಿಯಿಂದ ಬರುವವರು ಇನ್ನಷ್ಟು ಕಡಿಮೆ. ಆ ದಿನ ನೆಂಟರಿಷ್ಟರಲ್ಲಿ ಬೇರೆ ಮದುವೆಗಳಿವೆಯೇ, ಹಳ್ಳಿಯಿಂದ ಎಷ್ಟು ಬಸ್ಸು ಹೊರಡುತ್ತವೆ ಎಂದು ವಿಚಾರಿಸಿ ಸಂಖ್ಯೆ ಹೇಳುವುದು ಲೇಸು. ಅಂತಿಮ ಸಂಖ್ಯೆ ತಿಳಿಸಲು ಮದುವೆಗೆ ಮೂರ್ನಾಲ್ಕು ದಿನ ಮುಂಚಿನವರೆಗೆ ಅವಕಾಶ ಕೇಳಿಕೊಳ್ಳಬಹುದು.

ಎಲೆ ಎಣಿಸುವವರು ಯಾರು ಎಂಬುದು ಇನ್ನೊಂದು ತಕರಾರಿನ ಮೂಲ. ಹಾಸಿದ ಎಲೆಯೆಲ್ಲ ಉಂಡ ಎಲೆಯಲ್ಲ. ಹರಿದದ್ದಕ್ಕೆ ಮೇಲೊಂದು ಎಲೆ ಬೀಳುತ್ತದೆ, ಎಲೆ ಹಾಕಿದ ಜಾಗ ಖಾಲಿ ಉಳಿಯುತ್ತದೆ. ವಾಲಗದವರು, ಫೋಟೋದವರು, ಬಸ್ಸಿನ ಚಾಲಕರು, ಬಡಿಸುವ ಹುಡುಗರು ಇವರೆಲ್ಲ ಲೆಕ್ಕಕ್ಕೆ ಸೇರುತ್ತಾರೆಯೇ? ಮಕ್ಕಳಿಗೆ ಪೂರ್ಣ ದರವೇ? ಇವನ್ನು ಮೊದಲೇ ಮಾತನಾಡಿಕೊಂಡು, ಪ್ರತಿ ಪಂಕ್ತಿಯಲ್ಲಿ ಕುಳಿತವರನ್ನು ಬರೆದಿಡಲು ಮನೆಯ ಕಡೆಯವರೊಬ್ಬರನ್ನು ನಿಲ್ಲಿಸಿದರೆ ರಾತ್ರಿಯ ಜಗಳ ತಪ್ಪುತ್ತದೆ. ಆ ಕೆಲಸಕ್ಕೆ ಸೋದರಮಾವನನ್ನು ನೇಮಿಸುವುದು ವಾಡಿಕೆಯಾದರೂ ಆತನಿಗೆ ಅಂದು ಬೇರೆ ಶಾಸ್ತ್ರಗಳಿರುತ್ತವೆ ಎಂಬುದನ್ನು ಮರೆಯಬಾರದು.

ಸಾಮಾನು ಯಾರದು?

ಈ ಸೀಮೆಯಲ್ಲಿ ಎಲೆ ಲೆಕ್ಕದ ಕಂಟ್ರಾಕ್ಟ್ ಅಲ್ಲದೆ ಹಳೆಯ ಪದ್ಧತಿಯೊಂದೂ ಇದೆ. ಸಾಮಾನು ಮನೆಯವರದು, ಅಡುಗೆಯವರಿಗೆ ಕೂಲಿ ಮಾತ್ರ. ತೆಂಗು, ಅಡಿಕೆ, ಈರುಳ್ಳಿ ಬೆಳೆಯುವ ನಾಡಿದು. ಭದ್ರಾ ನೀರು ಕಂಡ ತರೀಕೆರೆಯ ಭಾಗದಲ್ಲಿ ಭತ್ತವೂ ಉಂಟು. ಮನೆಯ ಕಾಯಿ, ಈರುಳ್ಳಿ, ಅಕ್ಕಿ ಇರುವವರಿಗೆ ಈ ಪದ್ಧತಿ ಇಂದಿಗೂ ಅಗ್ಗ.

ತೆಂಗಿನಕಾಯಿಯ ಉದಾಹರಣೆಯೊಂದೇ ಸಾಕು. ಪಲ್ಯಕ್ಕೆ, ಸಾರಿಗೆ, ಹೋಳಿಗೆಗೆ, ಕೊನೆಗೆ ತಾಂಬೂಲದ ಚೀಲಕ್ಕೂ ಕಾಯಿ ಬೇಕು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ 2025ರ ಹಂಗಾಮಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ವರ್ಷದ ಮಧ್ಯಭಾಗದಲ್ಲಿ ತಿಪಟೂರು ಮಾರುಕಟ್ಟೆಯ ದರ ಅದರ ಇಮ್ಮಡಿಯನ್ನೂ ದಾಟಿತ್ತು. ಇಂಥ ಹೊತ್ತಿನಲ್ಲಿ ಆರು ತಿಂಗಳ ಹಿಂದೆ ದರ ಒಪ್ಪಿದ ಕಂಟ್ರಾಕ್ಟರ್ ನಷ್ಟವನ್ನು ಎಲ್ಲಿ ಸರಿದೂಗಿಸುತ್ತಾನೆ? ಚಟ್ನಿ ನೀರಾಗುತ್ತದೆ, ತುಪ್ಪದ ಸೌಟು ಚಿಕ್ಕದಾಗುತ್ತದೆ. ತೋಟವಿರುವ ಮನೆಯವರು ಕಾಯಿಯನ್ನು ತಾವೇ ಒದಗಿಸುತ್ತೇವೆಂದು ಹೇಳಿ ದರ ಇಳಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಆದರೆ ಕೂಲಿ ಪದ್ಧತಿಯಲ್ಲಿ ಪಾತ್ರೆ ಬಾಡಿಗೆ, ಸೌದೆ ಅಥವಾ ಗ್ಯಾಸ್, ತರಕಾರಿ ಹೆಚ್ಚುವವರು, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲರ ಹೊಣೆಯೂ ಮನೆಯವರ ತಲೆಗೆ ಬರುತ್ತದೆ. ಮದುವೆಗೆ ಎರಡು ದಿನ ರಜೆ ಹಾಕಿ ಬರುವ ನಗರವಾಸಿಗೆ ಇದು ಸಾಧ್ಯವಾಗುವ ಮಾತಲ್ಲ. ಶಿವಮೊಗ್ಗದಿಂದಲೋ ಅರಸೀಕೆರೆಯಿಂದಲೋ ತಂಡ ಬಂದರೆ ಸಾಗಾಟದ ಖರ್ಚು ಬೇರೆ.

ಬೀಗರೂಟದ ಲೆಕ್ಕವೇ ಬೇರೆ. ಕುರಿಯನ್ನು ಮನೆಯವರೇ ಕೊಂಡು, ಅಡುಗೆಯವರಿಗೆ ಕೂಲಿ ಕೊಡುವುದುಂಟು. ಜೀವಂತ ಕುರಿಯ ತೂಕದಲ್ಲಿ ಮಾಂಸ ಸಿಗುವುದು ಸುಮಾರು ಅರ್ಧದಷ್ಟು. 25 ಕಿಲೋ ಕುರಿಗೆ 12 ಕಿಲೋ ಆಸುಪಾಸು. ತೂಕ ಯಾವುದೆಂದು ಸ್ಪಷ್ಟಪಡಿಸಿಕೊಳ್ಳದೆ ವ್ಯಾಪಾರ ಮಾಡಿದವರು ಹೊರೆ ಹೊರುತ್ತಾರೆ.

ತೆರಿಗೆ ಮತ್ತು ಕಾನೂನು

ಬಿಲ್ಲಿನ ಕೊನೆಯಲ್ಲಿ ಜಿಎಸ್‌ಟಿ ಕಂಡು ಬೆಚ್ಚುವವರಿದ್ದಾರೆ. ದೊಡ್ಡ ಹೋಟೆಲ್‌ಗಳ ಆವರಣ ಬಿಟ್ಟು ಹೊರಗೆ ನಡೆಯುವ ಕ್ಯಾಟರಿಂಗ್‌ಗೆ ಇದ್ದ ಶೇ 18ರ ತೆರಿಗೆ 2019ರ ಅಕ್ಟೋಬರ್ 1ರಿಂದ ಶೇ 5ಕ್ಕೆ ಇಳಿದಿದೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದವರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ತೆರಿಗೆ ಕೇಳುವಂತೆಯೂ ಇಲ್ಲ. 1,20,000 ರೂಪಾಯಿಯ ಊಟಕ್ಕೆ ಇದು 6,000. ದರದಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನು ಮುಂಗಡ ಕೊಡುವಾಗಲೇ ಕೇಳಬೇಕು.

2006ರ ಆಹಾರ ಸುರಕ್ಷತೆ ಕಾಯ್ದೆಯಡಿ ಕ್ಯಾಟರಿಂಗ್ ನಡೆಸುವವರಿಗೆ ಪರವಾನಗಿ ಬೇಕು. ಮನೆಬಳಕೆಯ 14.2 ಕಿಲೋ ಸಿಲಿಂಡರ್‌ನಲ್ಲಿ ಮದುವೆ ಅಡುಗೆ ಮಾಡುವುದು ನಿಷಿದ್ಧ, 19 ಕಿಲೋದ ವಾಣಿಜ್ಯ ಸಿಲಿಂಡರ್‌ನ್ನೇ ಬಳಸಬೇಕು. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಕಾಗದದ ಸುರುಳಿಯ ಖರ್ಚು ಯಾರದೆಂಬ ಸಣ್ಣ ಪ್ರಶ್ನೆಯೂ ಅಡುಗೆಮನೆಯ ಬಾಗಿಲಲ್ಲಿ ದೊಡ್ಡದಾಗುವುದುಂಟು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು, ಬಳಿಕ ಮದುವೆಗೆ 50 ಜನರ ಮಿತಿ ವಿಧಿಸಿದಾಗ ಮುಂಗಡ ಕೊಟ್ಟಿದ್ದ ಅನೇಕ ಕುಟುಂಬಗಳ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ದಿನಾಂಕ, ಹೊತ್ತು, ಪದಾರ್ಥಗಳ ಪಟ್ಟಿ, ಕನಿಷ್ಠ ಎಲೆ, ಹೆಚ್ಚುವರಿ ಎಲೆಯ ದರ, ಮದುವೆ ಮುಂದೂಡಿದರೆ ಮುಂಗಡದ ಗತಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಆ ಹಾಳೆ ಮತ್ತು ಹಣ ಕೊಟ್ಟ ರಸೀದಿ ಇದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.