ರೋಗದ ಹೆಸರು ಪೂರ್ತಿ ಬರೆದಿದೆಯೇ?

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗನೊಬ್ಬ ಬೇಸಿಗೆ ರಜೆಯಲ್ಲಿ ಮಂಗಳೂರಿಗೆ ಹೋಗಿದ್ದ. ಅಲ್ಲಿ ಅವನ ಅಪ್ಪ ಕಟ್ಟಡದ ಕೆಲಸಕ್ಕಿದ್ದರು. ಜೂನ್‌ನಲ್ಲಿ ಶಾಲೆ ಶುರುವಾದಾಗ ಹುಡುಗನಿಗೆ ಚಳಿಜ್ವರ. ಪಟ್ಟಣದ ಖಾಸಗಿ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷಿಸಿ ಮಾತ್ರೆ ಕೊಟ್ಟರು, ಜ್ವರ ಬಿಟ್ಟಿತು. ದಸರೆ ರಜೆಯ ಹೊತ್ತಿಗೆ ಮತ್ತೆ ಅದೇ ನಡುಕ, ಅದೇ ಬೆವರು. ಈ ಸಲ ಸರ್ಕಾರಿ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಹಳೆಯ ಚೀಟಿ ನೋಡಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ: 'ಯಾವ ಮಲೇರಿಯಾ?'

ಚೀಟಿಯಲ್ಲಿ 'ಮಲೇರಿಯಾ' ಎಂಬ ಒಂದೇ ಪದವಿತ್ತು. ರಕ್ತಪರೀಕ್ಷೆಯ ವರದಿ ಎಲ್ಲೋ ಕಳೆದುಹೋಗಿತ್ತು. 'ಮಲೇರಿಯಾ ಅಂತ ಬರೆದವ್ರಲ್ಲ ಸಾರ್, ಇನ್ನೇನು ಬರೀಬೇಕಿತ್ತು?' ಎಂದು ಹುಡುಗನ ತಾಯಿ ನನ್ನನ್ನು ಕೇಳಿದರು.

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಪ್ರತಿ ಮನೆಗೂ ಗೊತ್ತಿರಬೇಕು.

ಒಂದು ಹೆಸರು, ಬೇರೆ ಬೇರೆ ಜೀವಿ

ಮಲೇರಿಯಾ ತರುವುದು ಪ್ಲಾಸ್ಮೋಡಿಯಂ ಎಂಬ ಪರೋಪಜೀವಿ. ಹೆಣ್ಣು ಅನಾಫಿಲಿಸ್ ಸೊಳ್ಳೆ ಅದನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುತ್ತದೆ ಎಂದು ನಾವು ಪಾಠದಲ್ಲಿ ಓದುತ್ತೇವೆ. ಆದರೆ ಈ ಪ್ಲಾಸ್ಮೋಡಿಯಂನಲ್ಲಿ ಹಲವು ಪ್ರಭೇದಗಳಿವೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಎರಡು: ವೈವಾಕ್ಸ್ ಮತ್ತು ಫಾಲ್ಸಿಪಾರಂ.

ಫಾಲ್ಸಿಪಾರಂ ಬೇಗ ಉಗ್ರವಾಗಬಲ್ಲದು. ಮಿದುಳಿಗೆ ತಾಗಿದರೆ ಪ್ರಾಣಕ್ಕೇ ಅಪಾಯ. ವೈವಾಕ್ಸ್‌ನ ಸ್ವಭಾವ ಬೇರೆ. ಅದರ ಕೆಲವು ಜೀವಿಗಳು ಯಕೃತ್ತಿನಲ್ಲಿ ಅಡಗಿ ನಿದ್ರಿಸುತ್ತವೆ. ರಕ್ತದಲ್ಲಿರುವವುಗಳನ್ನು ಕ್ಲೋರೋಕ್ವಿನ್ ಕೊಂದು ಜ್ವರ ಬಿಟ್ಟರೂ, ಅಡಗಿದವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎಚ್ಚರಗೊಳ್ಳುತ್ತವೆ. ಅವನ್ನು ನಾಶಮಾಡಲು ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ಬಿಡದೆ ನುಂಗಬೇಕು. ಈ ಮಾತ್ರೆ ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಹಾಗೂ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಸಲ್ಲದು. ಆದ್ದರಿಂದ ವೈದ್ಯರು ಹೇಳಿದರೆ ಮಾತ್ರ ತೆಗೆದುಕೊಳ್ಳಬೇಕು. ಫಾಲ್ಸಿಪಾರಂಗೆ ಕೊಡುವ ಚಿಕಿತ್ಸೆಯೇ ಬೇರೆ. ಎಂದ ಮೇಲೆ, ಜೀವಿಯ ಹೆಸರು ಬಿಟ್ಟು ಬರೆದ ಚೀಟಿ ಅರ್ಧ ವಿಳಾಸ ಬರೆದ ಕಾಗದದಂತೆ!

ರೋಗಗಳ ಸಂಖ್ಯಾಪಟ್ಟಿ

ಈ ಹೆಸರುಗಳನ್ನು ಜಗತ್ತಿನ ಎಲ್ಲೆಡೆ ಒಂದೇ ರೀತಿ ಗುರುತಿಸಲು ಒಂದು ಪಟ್ಟಿಯಿದೆ. ಅದು ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ, ಚಿಕ್ಕದಾಗಿ ಐಸಿಡಿ. 1893ರಲ್ಲಿ ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ತಿಯೋ ಅವರ ಪಟ್ಟಿ ಅಂಗೀಕಾರವಾಯಿತು. ಅದು ಸಾವಿನ ಕಾರಣಗಳ ಪಟ್ಟಿಯಾಗಿತ್ತು. 1948ರಿಂದ ವಿಶ್ವ ಆರೋಗ್ಯ ಸಂಸ್ಥೆ ಇದರ ಹೊಣೆ ಹೊತ್ತಿದೆ. 1990ರಲ್ಲಿ ಒಪ್ಪಿಗೆ ಪಡೆದ ಹತ್ತನೆಯ ಆವೃತ್ತಿಯಲ್ಲಿ ಫಾಲ್ಸಿಪಾರಂ ಮಲೇರಿಯಾದ ಸಂಕೇತ ಬಿ50. ವೈವಾಕ್ಸ್‌ಗೆ ಬಿ51. ಯಾವುದೆಂದು ಹೇಳದ ಮಲೇರಿಯಾಕ್ಕೆ ಬಿ54. ನಮ್ಮ ಹುಡುಗನ ಚೀಟಿಗೆ ಸಿಗುತ್ತಿದ್ದುದು ಈ ಕೊನೆಯದೇ. ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಸಂಕೇತಗಳು ಬದಲಾಗಿವೆ. ಪ್ರಭೇದವನ್ನು ಬೇರ್ಪಡಿಸುವ ನಿಯಮ ಮಾತ್ರ ಹಾಗೆಯೇ ಇದೆ.

ವೈದ್ಯರು ಬರೆದುದನ್ನು ಓದಿ ಸಂಕೇತ ಹಾಕುವವರೇ ಮೆಡಿಕಲ್ ಕೋಡರ್‌ಗಳು. ಅವರು ಮೊದಲು ಅಕಾರಾದಿ ಸೂಚಿಯಲ್ಲಿ ರೋಗವನ್ನು ಹುಡುಕುತ್ತಾರೆ, ಆಮೇಲೆ ಮುಖ್ಯ ಪಟ್ಟಿಯಲ್ಲಿ ತಾಳೆ ನೋಡುತ್ತಾರೆ. ಮಿದುಳಿಗೆ ತಾಗಿದ ಫಾಲ್ಸಿಪಾರಂ ಆದರೆ ಬಿ50.0 ಎಂದು ಇನ್ನೊಂದು ಅಂಕೆ ಸೇರುತ್ತದೆ. ಅವರ ಕೆಲಸದ ಮೊದಲ ಪಾಠ, ಊಹಿಸಬಾರದು. ಕಡತದಲ್ಲಿ ಗೊಂದಲವಿದ್ದರೆ ವೈದ್ಯರನ್ನೇ ಬರಹದಲ್ಲಿ ಕೇಳಬೇಕು. ಅಮೆರಿಕದ ನಿಯಮದಂತೆ, ಹೊರರೋಗಿಯ ಚೀಟಿಯಲ್ಲಿ 'ಮಲೇರಿಯಾ ಇರಬಹುದು' ಎಂದಷ್ಟೇ ಇದ್ದರೆ ಮಲೇರಿಯಾದ ಸಂಕೇತ ಹಾಕುವಂತಿಲ್ಲ, ಜ್ವರದ ಸಂಕೇತ ಹಾಕಬೇಕು.

ಹೊಟ್ಟೆಯ ಹುಳುಗಳಿಗೂ ಇದೇ ಮಾತು. ಕೊಕ್ಕೆಹುಳುವಿಗೆ ಬಿ76, ದುಂಡುಹುಳುವಿಗೆ ಬಿ77. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಕಡತದಲ್ಲಿ 'ರಕ್ತಹೀನತೆ' ಎಂದು ಮಾತ್ರ ಬರೆದು ಹುಳುವನ್ನು ಮರೆತರೆ, ಕಬ್ಬಿಣದ ಮಾತ್ರೆ ನುಂಗುತ್ತಲೇ ಮಗು ಸೊರಗುತ್ತದೆ.

ಇದೊಂದು ಉದ್ಯೋಗವೂ ಹೌದು

ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಕಡತಗಳಿಗೆ ಸಂಕೇತ ಹಾಕುವ ಪದವೀಧರರು ಬಹಳ ಮಂದಿ ಇದ್ದಾರೆ. ಆ ದೇಶ 2015ರ ಅಕ್ಟೋಬರ್ 1ರಿಂದ ಹತ್ತನೆಯ ಆವೃತ್ತಿಯ ತನ್ನದೇ ರೂಪವನ್ನು ಬಳಸುತ್ತಿದೆ. ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದವರಿಗೆ ಈ ದಾರಿಯಿದೆ. ಈಗ ಕಂಪ್ಯೂಟರ್ ತಂತ್ರಾಂಶಗಳೂ ಈ ಕೆಲಸದಲ್ಲಿ ಪಾಲು ಪಡೆಯುತ್ತಿವೆ. ಆದ್ದರಿಂದ 'ಖಚಿತ ಉದ್ಯೋಗ' ಎಂಬ ಜಾಹೀರಾತು ನೋಡಿ ಸಾಲ ಮಾಡಿ ಹಣ ಕಟ್ಟಬೇಡಿ. ಶರೀರಶಾಸ್ತ್ರವನ್ನು ಚೆನ್ನಾಗಿ ಕಲಿಯುವುದು, ತಾಳ್ಮೆಯಿಂದ ಓದುವುದು, ಇವೇ ಇಲ್ಲಿನ ಬಂಡವಾಳ.

ಸೊನ್ನೆಗೂ ದಾಖಲೆ ಬೇಕು

ದಾಖಲೆಯ ಬೆಲೆ ತಿಳಿಯಬೇಕಾದರೆ ನಾರುಹುಣ್ಣನ್ನು ನೆನೆಯಿರಿ. ಉತ್ತರ ಕರ್ನಾಟಕದ ಹಿರಿಯರಿಗೆ ಅದರ ಹೆಸರು ಗೊತ್ತು. ಮೆಟ್ಟಿಲು ಬಾವಿಯ ನೀರಿನಲ್ಲಿದ್ದ ಸೈಕ್ಲಾಪ್ಸ್ ಎಂಬ ಪುಟ್ಟ ಜಲಚರದ ಮೂಲಕ ದೇಹ ಸೇರಿದ ಹುಳು, ಸುಮಾರು ಒಂದು ವರ್ಷದ ಮೇಲೆ ಕಾಲಿನ ಚರ್ಮ ಸೀಳಿ ಹೊರಬರುತ್ತಿತ್ತು. ಅದರ ಸಂಕೇತ ಬಿ72. ಅದಕ್ಕೆ ಲಸಿಕೆಯೂ ಇರಲಿಲ್ಲ, ಮದ್ದೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಬಾವಿಗಳನ್ನು ಸುರಕ್ಷಿತಗೊಳಿಸುವುದು, ಊರೂರು ಅಲೆದು ಪ್ರತಿ ರೋಗಿಯನ್ನು ಹುಡುಕಿ ಬರೆದುಕೊಳ್ಳುವುದು, ಇಷ್ಟರಿಂದಲೇ ಅದು ಹೋಯಿತು. ದೇಶದ ಕೊನೆಯ ರೋಗಿ ದಾಖಲಾದುದು 1996ರಲ್ಲಿ, ರಾಜಸ್ಥಾನದಲ್ಲಿ. ಆಮೇಲೂ ವರ್ಷಗಟ್ಟಲೆ ಹುಡುಕಿ 'ಯಾರೂ ಇಲ್ಲ' ಎಂದು ಬರೆದಿಟ್ಟದ್ದರಿಂದಲೇ 2000ದಲ್ಲಿ ಭಾರತ ರೋಗಮುಕ್ತವೆಂಬ ಪ್ರಮಾಣಪತ್ರ ದೊರೆಯಿತು.

ತಂದೆತಾಯಿಗಳು ಮಾಡಬೇಕಾದದ್ದು ಇಷ್ಟೆ. ಆಸ್ಪತ್ರೆಯಿಂದ ಹೊರಡುವಾಗ ರೋಗದ ಪೂರ್ತಿ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಪರೀಕ್ಷೆಯ ವರದಿ ಕೇಳಿ ಪಡೆಯಿರಿ. ಯಾವ ಮಾತ್ರೆ ಎಷ್ಟು ದಿನ ಎಂಬುದನ್ನು ಗುರುತು ಹಾಕಿಕೊಳ್ಳಿ. ಕೇಳಲು ಸಂಕೋಚ ಬೇಡ.

ಹುಡುಗನ ರಕ್ತಲೇಪನದಲ್ಲಿ ಕಂಡದ್ದು ವೈವಾಕ್ಸ್. ಈ ಸಲ 14 ದಿನದ ಮಾತ್ರೆಯನ್ನು ತಾಯಿ ಎಣಿಸಿ ನುಂಗಿಸಿದರು. ಆಸ್ಪತ್ರೆಯ ಕಾಗದಗಳು ಈಗ ಅವರ ಮನೆಯಲ್ಲಿ ರೇಷನ್ ಕಾರ್ಡಿನ ಜೊತೆಗೇ ಭದ್ರವಾಗಿವೆ.