ಬೆಳೆ ನುಂಗಿದ ಬೂದಿಯೇ ಬಳ್ಳಿಗೆ ಆಸರೆ

ವರ್ಷಕ್ಕೆ ಬೀಳುವ ಮಳೆ ಸುಮಾರು 150 ಮಿಲಿಮೀಟರ್. ಹರಿಯುವ ಹೊಳೆಯಿಲ್ಲ. ಬೀಸುವ ಗಾಳಿಗೆ ಬಿಡುವಿಲ್ಲ. ಇಂಥ ನೆಲದಲ್ಲಿ ದ್ರಾಕ್ಷಿ ಬೆಳೆದು, ಹೆಸರುವಾಸಿ ವೈನ್ ತಯಾರಿಸುತ್ತಾರೆ ಎಂದರೆ ಅಚ್ಚರಿಯಾಗುವುದು ಸಹಜ. ಆಫ್ರಿಕದ ವಾಯವ್ಯ ಕರಾವಳಿಗೆ ಸಮೀಪವಿರುವ, ಸ್ಪೇನ್‌ಗೆ ಸೇರಿದ ಕೆನರಿ ದ್ವೀಪಗಳಲ್ಲೊಂದಾದ ಲಾಂಜರೋಟೆಯ ಕತೆ ಇದು.

1730ರ ಸೆಪ್ಟೆಂಬರ್ 1ರ ರಾತ್ರಿ ಇಲ್ಲಿನ ಟಿಮನ್‌ಫಾಯ ಪ್ರದೇಶದಲ್ಲಿ ನೆಲ ಬಿರಿದು ಬೆಂಕಿ ಕಾರಿತು. ಜ್ವಾಲಾಮುಖಿಯ ಈ ಆರ್ಭಟ ತಣ್ಣಗಾದದ್ದು 1736ರಲ್ಲಿ. ಅಷ್ಟರಲ್ಲಿ ದ್ವೀಪದ ಸುಮಾರು ಕಾಲುಭಾಗ ಲಾವಾ ಹಾಗೂ ಬೂದಿಯಡಿ ಹೂತುಹೋಗಿತ್ತು. ಯಾಯಿಸಾ ಎಂಬ ಊರಿನ ಪಾದ್ರಿ ಆಂದ್ರೆಸ್ ಲೊರೆಂಜೊ ಕುರ್ಬೆಲೊ ಈ ಅನಾಹುತವನ್ನು ದಿನಚರಿಯಲ್ಲಿ ದಾಖಲಿಸಿದರು. ಒಳ್ಳೆಯ ಧಾನ್ಯ ಬೆಳೆಯುತ್ತಿದ್ದ ಹೊಲಗಳು ಹೋದವು. ಹಳ್ಳಿಗಳು ಅಳಿದವು. ಅನೇಕರು ದ್ವೀಪವನ್ನೇ ತೊರೆದರು.

ಉಳಿದವರು ಒಂದು ಸಂಗತಿಯನ್ನು ಕಂಡುಕೊಂಡರು. ಗಟ್ಟಿಯಾದ ಲಾವಾ ಹರಡಿದ್ದಲ್ಲಿ ಏನೂ ಬೆಳೆಯದು. ಆದರೆ ಕಪ್ಪು ಹರಳು ಉದುರಿದ್ದ ಕಡೆ ಅಡಿಯ ಮಣ್ಣು ತೇವವಾಗಿಯೇ ಇತ್ತು. ಈ ಹರಳನ್ನು ಅಲ್ಲಿಯವರು 'ರೊಫೆ' ಅಥವಾ 'ಪಿಕಾನ್' ಎನ್ನುತ್ತಾರೆ. ಇದರ ಕಣಕಣದಲ್ಲೂ ತೂತುಗಳು. ಬಿದ್ದ ಮಳೆಯನ್ನು ಇದು ಹರಿದುಹೋಗಲು ಬಿಡದೆ ಕೆಳಗಿಳಿಸುತ್ತದೆ. ಬಳಿಕ ಬಿಸಿಲಿಗೆ ತೇವ ಆವಿಯಾಗದಂತೆ ಹೊದಿಕೆಯಾಗುತ್ತದೆ. ಹೊಲಕ್ಕೆ ಒಣಹುಲ್ಲು ಹೊದಿಸುವ ರೈತರಿಗೆ ಈ ಉಪಾಯ ಹೊಸತಲ್ಲ. ರಾತ್ರಿಯ ಇಬ್ಬನಿಯೂ ಬಳ್ಳಿಗೆ ನೆರವಾಗುತ್ತದೆಂಬ ನಂಬಿಕೆ ಅಲ್ಲಿಯವರದು.

ಹರಳಿನ ಪದರ ದಪ್ಪಗಿರುವ ಲಾ ಗೆರಿಯಾ ಕಣಿವೆಯಲ್ಲಿ ರೈತರು ಆಲಿಕೆಯಾಕಾರದ ಗುಂಡಿಗಳನ್ನು ತೋಡಿದರು. ಕೆಲವು ಗುಂಡಿಗಳು ಆಳುದ್ದಕ್ಕಿಂತ ಆಳ. ತಳದಲ್ಲಿ ಹಳೆಯ ಹೊಲದ ಮಣ್ಣು ಸಿಕ್ಕಿದೊಡನೆ ಬಳ್ಳಿ ನೆಟ್ಟರು. ಗಾಳಿ ಬೀಸುವ ದಿಕ್ಕಿಗೆ ಅರ್ಧಚಂದ್ರಾಕಾರದ ಕಲ್ಲಿನ ಗೋಡೆ ಕಟ್ಟಿದರು. ಸಾಮಾನ್ಯವಾಗಿ ಗುಂಡಿಗೊಂದೇ ಬಳ್ಳಿ. ಹೆಚ್ಚೆಂದರೆ ಎರಡು ಮೂರು.

ಇಲ್ಲಿನ ಮುಖ್ಯ ತಳಿ ಮಾಲ್ವಸಿಯಾ ವೊಲ್ಕಾನಿಕಾ ಎಂಬ ಬಿಳಿ ದ್ರಾಕ್ಷಿ. ಬೆಚ್ಚನೆಯ ಹವೆಯಿಂದಾಗಿ ಸಾಮಾನ್ಯವಾಗಿ ಜುಲೈನಲ್ಲೇ ಕೊಯ್ಲು ಶುರುವಾಗುತ್ತದೆ. ಯುರೋಪಿನ ಹೆಚ್ಚಿನ ತೋಟಗಳಲ್ಲಿ ಆಗಿನ್ನೂ ಹಣ್ಣು ಮಾಗಿರುವುದಿಲ್ಲ. ಹಣ್ಣು ಹಿಂಡಿ ತೆಗೆದ ರಸ ತಣ್ಣಗಿನ ಉಕ್ಕಿನ ತೊಟ್ಟಿಗಳಲ್ಲಿ ಹುದುಗಿ ವೈನ್ ಆಗುತ್ತದೆ. 1775ರಲ್ಲಿ ಸ್ಥಾಪನೆಯಾದ ಎಲ್ ಗ್ರಿಫೊ ಇಲ್ಲಿನ ಹಳೆಯ ವೈನ್ ತಯಾರಿಕಾ ಕೇಂದ್ರ.

ಈ ಗುಂಡಿಗಳೊಳಗೆ ಟ್ರ್ಯಾಕ್ಟರ್ ಇಳಿಯದು. ಸವರುವುದು, ಕೊಯ್ಯುವುದು, ಬುಟ್ಟಿ ಹೊತ್ತು ಮೇಲೇರುವುದು ಎಲ್ಲವೂ ಕೈಕೆಲಸ. ಬಳ್ಳಿಗಳು ದೂರದೂರ ಇರುವುದರಿಂದ ಇಳುವರಿಯೂ ಕಡಿಮೆ. ಪ್ರವಾಸೋದ್ಯಮ ಬೆಳೆದ ಮೇಲೆ ಹೋಟೆಲುಗಳಲ್ಲಿ ದುಡಿಮೆ ಸುಲಭವಾಗಿ ಸಿಗುತ್ತದೆ. ಆ ಹೋಟೆಲುಗಳಿಗೆ ಬರುವ ಪ್ರವಾಸಿಗರು ನೋಡಲು ಬಯಸುವುದು ಇದೇ ಕಪ್ಪು ತೋಟಗಳನ್ನು!

ತೋಟ ಒಮ್ಮೆ ನೆಟ್ಟರೆ ತಾನಾಗಿ ಉಳಿಯುವಂಥದಲ್ಲ. ಕುಸಿದ ಹರಳನ್ನು ಮತ್ತೆ ಮತ್ತೆ ಮೇಲೆತ್ತಬೇಕು, ಬಿದ್ದ ಗೋಡೆಯನ್ನು ಕಟ್ಟಬೇಕು. ಆರೈಕೆ ನಿಂತರೆ ಗಾಳಿ ಗುಂಡಿಗಳನ್ನು ತುಂಬುತ್ತ ಹೋಗುತ್ತದೆ. ರೈತರು ತೋಡಿ ತೆಗೆದ ಮಣ್ಣು ಮತ್ತೆ ಹರಳಿನಡಿ ಸೇರುತ್ತದೆ.