ಹಂಪಿ ಇಲ್ಲದ ನಗರಗಳ ಪುಸ್ತಕ

ಮೊಬೈಲ್ ಮ್ಯಾಪ್‌ನಲ್ಲಿ ಬಳ್ಳಾರಿಯ ಬಜಾರು ನೋಡಿ, ಅಂಗಡಿಗಳ ಹೆಸರು ಒತ್ತೊತ್ತಾಗಿ ಕಾಣ್ತವೆ. ಕುರುಗೋಡು, ಸಿರುಗುಪ್ಪದ ಕಡೆ ಸರಿದರೆ ಹೆಸರುಗಳು ವಿರಳ. ವ್ಯಾಪಾರ ಎಲ್ಲಿ ಜಾಸ್ತಿಯೋ ಅಲ್ಲಿ ನಕ್ಷೆಯೂ ದಟ್ಟ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಇದು ಹೊಸದಲ್ಲ. ಆದರೆ ನಾನೂರೈವತ್ತು ವರ್ಷಗಳ ಹಿಂದೆಯೂ ಹೀಗೇ ಇತ್ತು ಅಂತ ತೋರಿಸಿದ್ದು ಒಂದು ಹಳೇ ಪುಸ್ತಕ.

1572ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಬ್ರೌನ್ ಮತ್ತು ಹೋಗೆನ್‌ಬರ್ಗ್ ಎಂಬಿಬ್ಬರು ಜಗತ್ತಿನ ನಗರಗಳ ಚಿತ್ರಸಂಪುಟ ಹೊರತಂದರು. ಹೆಸರು ‘ಸಿವಿಟಾಟೆಸ್ ಆರ್ಬಿಸ್ ಟೆರಾರಮ್’. 1617ರ ಹೊತ್ತಿಗೆ ಆರು ಸಂಪುಟ, ಐನೂರಕ್ಕೂ ಹೆಚ್ಚು ಚಿತ್ರ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಅದರಲ್ಲಿ ಮಸಿ ತುಂಬಿ, ಒದ್ದೆ ಕಾಗದ ಒತ್ತಿ ಅಚ್ಚು ತೆಗೀತಿದ್ದರು. ಅಚ್ಚಿನಲ್ಲಿ ಎಡ ಬಲವಾಗುವುದರಿಂದ ಊರನ್ನೇ ತಿರುವುಮುರುವಾಗಿ ಕೊರೆಯಬೇಕು!

ಮೊದಲ ಸಂಪುಟದಲ್ಲಿ ಗೋವಾ, ದಿಯು, ಕಣ್ಣೂರು, ಕಲ್ಲಿಕೋಟೆ ಇವೆ. ಕಲ್ಲಿಕೋಟೆಯ ದಂಡೆಯಲ್ಲಿ ಆನೆಯೂ ಕಟ್ಟುತ್ತಿರುವ ಹಡಗೂ ಕಾಣುತ್ತವೆ. ಅದೇ ಹಾಳೆಯಲ್ಲಿ ಪರ್ಷಿಯಾ ಕೊಲ್ಲಿಯ ಹೊರ್ಮುಜ್. ಹಂಪಿ ಮಾತ್ರ ಇಲ್ಲ.

ಹಂಪಿ ಸಣ್ಣ ಊರಾಗಿತ್ತಾ? 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಅದನ್ನು ರೋಮ್‌ಗೆ ಹೋಲಿಸಿದ್ದಾನೆ. ಹೊರ್ಮುಜ್‌ನಿಂದ ಹಡಗೇರಿದ ಕುದುರೆಗಳು ಗೋವಾ, ಭಟ್ಕಳದಲ್ಲಿ ಇಳಿದು, ಘಟ್ಟ ಹತ್ತಿ ಹಂಪಿಗೆ ಬರ್ತಿದ್ದವು. ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಅಂತಾನೆ ಕುದುರೆ ವ್ಯಾಪಾರಿ ನೂನಿಜ್. ಸಾಳುವ ನರಸಿಂಹನಂತೂ ಸಮುದ್ರದಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದುಡ್ಡು ಕೊಡುತ್ತಿದ್ದನಂತೆ. 1547ರಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದವೇ ಆಯಿತು: ಗೋವಾಕ್ಕೆ ಬಂದ ಕುದುರೆಗಳು ವಿಜಯನಗರಕ್ಕೆ, ಬಿಜಾಪುರಕ್ಕಲ್ಲ.

ಅಂದರೆ ಕುದುರೆ ಹತ್ತಿಸಿದ ಊರು, ಇಳಿಸಿದ ಊರು ಎರಡೂ ಪುಸ್ತಕದಲ್ಲಿವೆ. ದುಡ್ಡು ಕೊಟ್ಟ ಊರಿಲ್ಲ. ಕಾರಣ ಸರಳ. ಕಲೋನ್‌ನವರು ನಮ್ಮ ಕಡೆ ಬಂದವರಲ್ಲ. ಅವರಿಗೆ ಸಿಕ್ಕಿದ್ದು ಹಡಗಿನವರು ಕಂಡ ಊರುಗಳು, ಪೋರ್ಚುಗೀಸರ ಕೋಟೆ-ಬಂದರುಗಳು. ಮೇಲಾಗಿ, ಪುಸ್ತಕ ಬರುವ ಏಳು ವರ್ಷ ಮೊದಲೇ, 1565ರ ಯುದ್ಧದ ನಂತರ, ಹಂಪಿ ಹಾಳಾಗಿತ್ತು.

ಹಾಗಾಗಿ ಹಳೇ ಚಿತ್ರವಿರಲಿ, ಮೊಬೈಲ್ ಮ್ಯಾಪ್ ಇರಲಿ, ಅದರಲ್ಲಿ ಇಲ್ಲದ ಊರು ದೊಡ್ಡದಲ್ಲ ಅಂತ ತಿಳೀಬೇಡಿ. ಬರೆದವರು ಎಲ್ಲಿ ನಿಂತು ನೋಡಿದರು ಅಂತ ಕೇಳಿ.

ಕಲೋನ್‌ನವರು ತಾಮ್ರದಲ್ಲಿ ಕೊರೆಯದ್ದನ್ನು ನಮ್ಮ ಶಿಲ್ಪಿಗಳು ಕಲ್ಲಿನಲ್ಲಿ ಕೆತ್ತಿದ್ದಾರೆ. ಹಂಪಿ ಬಳ್ಳಾರಿಯಿಂದ ಅರವತ್ತು ಕಿಲೋಮೀಟರ್ ಅಷ್ಟೇ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಹಜಾರರಾಮ ಗುಡಿಯ ಹೊರಗೋಡೆ ನೋಡಿ. ಆ ಕುದುರೆಗಳ ಸಾಲಿನ ಮುಂದೆ ಐದು ನಿಮಿಷ ನಿಂತು, ಅವು ಯಾವ ಸಮುದ್ರ ದಾಟಿ ಬಂದವು ಅಂತ ಮಕ್ಕಳಿಗೆ ಹೇಳಿ.